ಕೊನೆಯ ಹತ್ತು ಮೀಟರ್: ಕರಾವಳಿಯ ಬ್ಲೂಟೂತ್ ಮತ್ತು ಕಮಾಂಡ್ ಲೈನ್

ಕೋಟ ಪಡುಕೆರೆಯಿಂದ ಗಂಗೊಳ್ಳಿ, ಮರವಂತೆಯವರೆಗಿನ ಕಡಲತಡಿಯಲ್ಲಿ ಬೋಟಿಗೆ ಬೇಕಾದ ಸಾಮಾನಿನ ಪಟ್ಟಿ ಬೆಳೆಯುತ್ತಲೇ ಇದೆ. ಬಲೆ, ಐಸು, ಡೀಸೆಲ್ ಹಳೆಯ ಮಾತು. ಜಿಪಿಎಸ್, ಫಿಶ್ ಫೈಂಡರ್, ವಯರ್‌ಲೆಸ್ ಸೆಟ್ ಕೂಡ ಈಗ ಹೊಸದಲ್ಲ. ಉಪಗ್ರಹದ ಸಂದೇಶವನ್ನು ಹಿಡಿದು ತಾಂಡೇಲನ, ಎಂದರೆ ಬೋಟು ನಡೆಸುವವನ, ಫೋನಿಗೆ ದಾಟಿಸುವ ಪುಟ್ಟ ಪೆಟ್ಟಿಗೆಗಳು ಈಗ ಆ ಸಾಲಿಗೆ ಸೇರುತ್ತಿವೆ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಿಂದ ಇಳಿದು ಬಂದ ಎಚ್ಚರಿಕೆ, ಪೆಟ್ಟಿಗೆಯಿಂದ ಫೋನಿಗೆ ಇರುವ ಕೊನೆಯ ಹತ್ತು ಮೀಟರನ್ನು ದಾಟುವುದು ಬ್ಲೂಟೂತ್ ಮೂಲಕ. ಅಲ್ಲಿ ಸಂಪರ್ಕ ತಪ್ಪಿದರೆ ಫೋನಿನ ಪರದೆ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು, ‘ಕನೆಕ್ಟ್ ಆಗಲಿಲ್ಲ’ ಎಂದು. ಏಕೆ ಆಗಲಿಲ್ಲ, ತಪ್ಪಿದ್ದು ಪೆಟ್ಟಿಗೆಯದೋ ಫೋನಿನದೋ ನಡುವಿನ ಗಾಳಿಯದೋ ಎಂಬುದನ್ನು ಅದು ಹೇಳುವುದಿಲ್ಲ. ಇಂಥ ಸಾಧನಗಳನ್ನು ಗುಂಡಿ ಒತ್ತುವ ಬದಲು ಅಕ್ಷರದಲ್ಲಿ ಬರೆದ ಆಜ್ಞೆಗಳಿಂದ, ಎಂದರೆ ಕಮಾಂಡ್ ಲೈನ್‌ನಿಂದ, ಹೊಂದಿಸುವುದು ಕಂಪ್ಯೂಟರ್ ಓದಿದವರ ಹವ್ಯಾಸ ಎಂಬ ಭಾವನೆ ಸಾಮಾನ್ಯ. ಈ ಲೇಖನದ ವಾದ ಅದಕ್ಕೆ ಎದುರಾದದ್ದು. ಸಾಧನದ ಮೇಲೆ ಊರಿನವರಿಗೆ ಹಿಡಿತ ಇರಬೇಕಾದರೆ ದೋಷವನ್ನು ಹೆಸರಿಟ್ಟು ಹೇಳುವ, ಪರಿಹಾರವನ್ನು ಬರೆದಿಟ್ಟು ಇನ್ನೊಬ್ಬರಿಗೆ ಕೊಡಬಹುದಾದ ದಾರಿ ಬೇಕು. ಸದ್ಯಕ್ಕೆ ಅಂಥ ದಾರಿ ಕಮಾಂಡ್ ಲೈನ್. ಅದನ್ನು ಪ್ರತಿ ಬೋಟಿನವರೂ ಕಲಿಯಬೇಕಿಲ್ಲ. ಪ್ರತಿ ಬಂದರಿನಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಈ ಪೆಟ್ಟಿಗೆಗಳು ಬಂದದ್ದರ ಹಿಂದೆ ಸಾವುನೋವಿನ ಚರಿತ್ರೆ ಇದೆ. 2017ರ ನವೆಂಬರ್ ಕೊನೆಗೆ ಎದ್ದ ಓಖಿ ಚಂಡಮಾರುತ ಕೇರಳ, ತಮಿಳುನಾಡಿನ ಆಳಸಮುದ್ರ ಮೀನುಗಾರರನ್ನು ಮುನ್ಸೂಚನೆ ತಲುಪದ ಜಾಗದಲ್ಲಿ ಹಿಡಿಯಿತು. ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹವಾಮಾನ ಇಲಾಖೆ ಎಷ್ಟು ಕೂಗಿದರೂ ಕೇಳಬೇಕಾದವರಿಗೆ ಕೇಳಿಸದು. ಅದಾದ ಮೇಲೆ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ, ಬೆಂಗಳೂರಿನ ಕಂಪನಿಯೊಂದರ ಕೈಯಲ್ಲಿ ‘ಜೆಮಿನಿ’ ಎಂಬ ಅಗ್ಗದ ಗ್ರಾಹಕವನ್ನು ಮಾಡಿಸಿದವು. 2019ರ ಅಕ್ಟೋಬರ್‌ನಲ್ಲಿ ಅದು ಬಿಡುಗಡೆಯಾಯಿತು. ವಿಮಾನಗಳಿಗೆ ದಾರಿ ತೋರಿಸುವ ‘ಗಗನ್’ ವ್ಯವಸ್ಥೆಯ ಉಪಗ್ರಹಗಳಿಂದ ಅದು ಸಂದೇಶ ಪಡೆದು ಬ್ಲೂಟೂತ್‌ನಲ್ಲಿ ಫೋನಿಗೆ ಕಳಿಸುತ್ತದೆ; ಫೋನಿನ ಆ್ಯಪ್ ಅದನ್ನು ಬಿಡಿಸಿ ಒಂಬತ್ತು ಪ್ರಾದೇಶಿಕ ಭಾಷೆಗಳಲ್ಲಿ ತೋರಿಸುತ್ತದೆ. ನಮ್ಮ ಉಡುಪಿ ಜಿಲ್ಲೆ ತನ್ನದೇ ಆಘಾತವನ್ನು ಕಂಡದ್ದು 2018ರ ಡಿಸೆಂಬರ್‌ನಲ್ಲಿ. ಮಲ್ಪೆಯಿಂದ ಏಳು ಮಂದಿಯೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಸುದ್ದಿಯಿಲ್ಲದೆ ಮರೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಇಸ್ರೋದ ಅಪಾಯ ಸೂಚಕ ಯಂತ್ರ 2010ರಿಂದಲೇ ಬಳಕೆಯಲ್ಲಿದ್ದರೂ ಅದರಿಂದ ಕೂಗು ಮಾತ್ರ ಹೋಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಅದರ ಎರಡನೆಯ ತಲೆಮಾರಿನಲ್ಲಿ ‘ನಿಮ್ಮ ಕೂಗು ತಲುಪಿದೆ’ ಎಂಬ ಉತ್ತರವೂ ಬರುತ್ತದೆ, ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ಸಂದೇಶವನ್ನು ತಾಯ್ನುಡಿಯಲ್ಲಿ ಓದಲೂಬಹುದು. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಉದ್ಘಾಟನೆಯಾದ ಕೇಂದ್ರದ ಯೋಜನೆಯ ಗುರಿ ದೇಶದ ಒಂದು ಲಕ್ಷ ದೋಣಿಗಳಿಗೆ ಎರಡೂ ಕಡೆ ಮಾತಾಡಬಲ್ಲ ಟ್ರಾನ್ಸ್‌ಪಾಂಡರ್ ಅಳವಡಿಸುವುದು. ವೆಚ್ಚ 364 ಕೋಟಿ ರೂಪಾಯಿ. ಉಪಗ್ರಹಕ್ಕೂ ಪೆಟ್ಟಿಗೆಗೂ ಇಷ್ಟು ಹಣ, ಇಷ್ಟು ವಿದ್ಯೆ ಸುರಿದ ಮೇಲೆ ಕೊನೆಯ ಕೊಂಡಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಸಣ್ಣದಲ್ಲ.

ಆ ಕೊಂಡಿ ಎಂಥದು ಎಂದು ಮೊದಲು ನೋಡಬೇಕು. ಸ್ವೀಡನ್ನಿನ ಎರಿಕ್ಸನ್ ಕಂಪನಿ 1994ರಲ್ಲಿ ತಂತಿಗಳ ಬದಲಿಗೆಂದು ಆರಂಭಿಸಿದ ಈ ತಂತ್ರಜ್ಞಾನಕ್ಕೆ 1998ರಲ್ಲಿ ಹಲವು ಕಂಪನಿಗಳ ಒಕ್ಕೂಟ ಹುಟ್ಟಿತು. 2010ರಲ್ಲಿ ಕಡಿಮೆ ಬ್ಯಾಟರಿ ಸಾಕಾಗುವ ಹೊಸ ಬಗೆ ಸೇರಿತು. ಅದು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ. ಭಾರತದಲ್ಲಿ 2005ರ ನಿಯಮಗಳ ಬಳಿಕ ಈ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಕ್ಕೆ ಲೈಸೆನ್ಸ್ ಬೇಕಿಲ್ಲ. ಬೇಡದ ಕಾರಣಕ್ಕೇ ವೈಫೈ, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಗುಂಪುಗೂಡಿವೆ. ಸಾಮಾನ್ಯ ಸಾಧನದ ಶಕ್ತಿ 2.5 ಮಿಲಿವ್ಯಾಟ್, ಅಂದಾಜು ವ್ಯಾಪ್ತಿ ಹತ್ತು ಮೀಟರ್. ಮರ ಅಥವಾ ಫೈಬರ್ ಗೋಡೆಯನ್ನು ಈ ತರಂಗ ಹೆಚ್ಚು ತ್ರಾಸವಿಲ್ಲದೆ ದಾಟುತ್ತದೆ; ಉಕ್ಕಿನ ಹಲಗೆ ಅದನ್ನು ತಡೆಯುತ್ತದೆ, ಉಪ್ಪುನೀರು ನುಂಗುತ್ತದೆ, ನಡುವೆ ನಿಂತ ಮನುಷ್ಯನ ಮೈ ಕೂಡ ಅಷ್ಟಿಷ್ಟು ಕಸಿಯುತ್ತದೆ. ಆದ್ದರಿಂದ ಒಂದೇ ಪೆಟ್ಟಿಗೆ ಮರದ ಬೋಟಿನಲ್ಲಿ ಚೆನ್ನಾಗಿ ನಡೆದು ಉಕ್ಕಿನ ಬೋಟಿನಲ್ಲಿ ಕೈಕೊಡಬಹುದು. ಇಷ್ಟೂ ತರಂಗದ ಮಾತಾಯಿತು. ಅದರ ಮೇಲೆ ರೇಡಿಯೋ ಚಾಲೂ ಆಗುವುದು, ಸಾಧನ ಕಾಣಿಸುವುದು, ಗುರುತಿನ ಕೀಲಿ ಬದಲಾಯಿಸಿಕೊಳ್ಳುವುದು, ನಂಬಿಕೆಯ ಪಟ್ಟಿಗೆ ಸೇರುವುದು, ಕೊನೆಗೆ ಬೇಕಾದ ಸೇವೆ ಶುರುವಾಗುವುದು ಎಂಬ ಐದಾರು ಪದರಗಳಿವೆ. ಯಾವ ಪದರ ಕುಸಿದರೂ ಫೋನಿನ ಪರದೆಯ ಮೇಲೆ ಫಲ ಒಂದೇ.

ಲಿನಕ್ಸ್ ಕಂಪ್ಯೂಟರಿನಲ್ಲಿ ಈ ಪದರಗಳನ್ನು ಬೇರೆ ಬೇರೆಯಾಗಿ ಮುಟ್ಟಬಹುದು. ಅದಕ್ಕೆ ಕಾರಣ ‘ಬ್ಲೂಝೆಡ್’ ಎಂಬ ಮುಕ್ತ ತಂತ್ರಾಂಶ. ಮ್ಯಾಕ್ಸ್ ಕ್ರಾಸ್ನ್ಯಾನ್ಸ್ಕಿ ಕ್ವಾಲ್ಕಾಮ್‌ನಲ್ಲಿದ್ದಾಗ ಬರೆದ ಇದು 2001ರಲ್ಲಿ ಲಿನಕ್ಸ್ ತಿರುಳಿಗೆ ಸೇರಿತು. 2012ರ ಕೊನೆಗೆ ಬಂದ ಐದನೆಯ ಆವೃತ್ತಿಯ ಕಾಲದಿಂದ ‘ಬ್ಲೂಟೂತ್-ಸಿಟಿಎಲ್’ ಎಂಬ ಒಂದೇ ಆಜ್ಞಾ ಪರದೆಯಲ್ಲಿ ಹೆಚ್ಚಿನ ಕೆಲಸ ಮುಗಿಯುತ್ತದೆ. ಕ್ರಮ ಸರಳ. ‘ಆರ್‌ಎಫ್‌ಕಿಲ್’ ಎಂಬ ಆಜ್ಞೆಯಿಂದ ರೇಡಿಯೋಗೆ ಬೀಗ ಬಿದ್ದಿದೆಯೇ ಎಂದು ನೋಡಬೇಕು. ಬಳಿಕ ‘ಪವರ್ ಆನ್’ ರೇಡಿಯೋವನ್ನು ಎಬ್ಬಿಸುತ್ತದೆ. ‘ಸ್ಕ್ಯಾನ್ ಆನ್’ ಸುತ್ತಲಿನ ಸಾಧನಗಳ ಹೆಸರು, ವಿಳಾಸ, ಸಿಗ್ನಲ್‌ನ ಬಲ ತೋರಿಸುತ್ತದೆ. ‘ಪೇರ್’ ಕೀಲಿ ಬದಲಾಯಿಸಿಕೊಳ್ಳುತ್ತದೆ. ‘ಟ್ರಸ್ಟ್’ ಮುಂದಿನ ಸಲ ಕೇಳದೆ ಒಳಬಿಡಲು ಒಪ್ಪುತ್ತದೆ. ‘ಕನೆಕ್ಟ್’ ಸೇವೆಯನ್ನು ಆರಂಭಿಸುತ್ತದೆ. ‘ಇನ್ಫೋ’ ಎಂದು ಬರೆದರೆ ಸಾಧನ ಪೇರ್ ಆಗಿದೆಯೇ, ಟ್ರಸ್ಟ್ ಪಡೆದಿದೆಯೇ, ಕನೆಕ್ಟ್ ಆಗಿದೆಯೇ ಎಂಬ ಮೂರು ಪ್ರಶ್ನೆಗೆ ಮೂರು ಪ್ರತ್ಯೇಕ ಉತ್ತರ ಸಿಗುತ್ತದೆ. ಒಮ್ಮೆ ಜೋಡಿಸಿದ ಸಾಧನ ಕಂಪ್ಯೂಟರ್ ಮತ್ತೆ ಚಾಲೂ ಮಾಡಿದಾಗಲೆಲ್ಲ ತಕರಾರು ತೆಗೆಯುತ್ತಿದ್ದರೆ, ಪೇರ್ ‘ಹೌದು’ ಎಂದಿದ್ದು ಟ್ರಸ್ಟ್ ‘ಇಲ್ಲ’ ಎಂದಿರುವುದು ಅನೇಕ ವೇಳೆ ಕಾರಣ. ಚಿತ್ರಗಳ ಪರದೆಯಲ್ಲಿ ಈ ಎರಡನ್ನೂ ಒಂದೇ ಗುಂಡಿಯೊಳಗೆ ಅಡಗಿಸಿರುವುದರಿಂದ ವ್ಯತ್ಯಾಸ ಕಾಣುವುದೇ ಇಲ್ಲ.

ಕಮಾಂಡ್ ಲೈನ್ ಪರವಾದ ಮೊದಲ ಸಾಕ್ಷ್ಯ ಅದರ ದೋಷಸಂದೇಶಗಳಲ್ಲಿದೆ. ‘ಪೇಜ್ ಟೈಮ್‌ಔಟ್’ ಎಂದು ಬಂದರೆ ಎದುರಿನ ಸಾಧನ ಕರೆಗೆ ಓಗೊಡಲಿಲ್ಲ ಎಂದರ್ಥ: ಅದು ಆಫ್ ಆಗಿದೆ, ದೂರದಲ್ಲಿದೆ, ಇಲ್ಲವೇ ಇನ್ನೊಂದು ಫೋನಿಗೆ ಅಂಟಿಕೊಂಡಿದೆ. ‘ಪ್ರೊಫೈಲ್ ಅನ್‌ಅವೈಲಬಲ್’ ಎಂದು ಬಂದರೆ ರೇಡಿಯೋಗೆ ದೋಷವಿಲ್ಲ. ಕೆಲಸ ಮಾಡಬೇಕಾದ ಸೇವೆ, ಉದಾಹರಣೆಗೆ ಧ್ವನಿಯ ಸೇವೆ, ಈ ಬದಿಯಲ್ಲೇ ಚಾಲೂ ಇಲ್ಲ. ‘ಬಿಟಿಮಾನ್’ ಎಂಬ ಉಪಕರಣ ಕಂಪ್ಯೂಟರಿಗೂ ಅದರ ಬ್ಲೂಟೂತ್ ಚಿಪ್ಪಿಗೂ ನಡುವೆ ಹೋಗಿಬಂದ ಪ್ರತಿ ಮಾತನ್ನೂ ಸಾಲು ಸಾಲಾಗಿ ಬರೆಯುತ್ತದೆ. ಅದರಲ್ಲಿ ‘ಪಿನ್ ಆರ್ ಕೀ ಮಿಸ್ಸಿಂಗ್’ ಎಂದು ಕಂಡರೆ ಎದುರಿನದು ಹಳೆಯ ಕೀಲಿಯನ್ನು ಮರೆತಿದೆ, ರಿಸೆಟ್ ಆಗಿರಬೇಕು ಎಂದು ತಿಳಿಯುತ್ತದೆ. ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಜಾಗ ಬದಲಿಸಬೇಕು ಅಥವಾ ಇನ್ನೊಂದು ಫೋನನ್ನು ಬಿಡಿಸಬೇಕು, ಎರಡನೆಯದಕ್ಕೆ ಸೇವೆಯನ್ನು ಎಬ್ಬಿಸಬೇಕು, ಮೂರನೆಯದಕ್ಕೆ ‘ರಿಮೂವ್’ ಮಾಡಿ ಹೊಸದಾಗಿ ಪೇರ್ ಮಾಡಬೇಕು. ಭೇದ ತಿಳಿಯದವನು ಮೂರಕ್ಕೂ ಒಂದೇ ಮದ್ದು ಮಾಡುತ್ತಾನೆ: ಆಫ್ ಮಾಡಿ ಆನ್ ಮಾಡುವುದು, ಅದೂ ಆಗದಿದ್ದರೆ ಪೆಟ್ಟಿಗೆ ಕೆಟ್ಟಿದೆ ಎಂದು ಕೈಬಿಡುವುದು. ಸಿಗ್ನಲ್‌ನ ಬಲದ ಅಂಕಿಯೂ ಹೀಗೆಯೇ ಉಪಯೋಗಿ. ಪೆಟ್ಟಿಗೆಯ ಹತ್ತಿರ ಮೈನಸ್ 60 ತೋರಿಸಿದ್ದು ಇನ್ನೊಂದು ಮೂಲೆಯಲ್ಲಿ ಮೈನಸ್ 90 ಆದರೆ ತಲುಪುವ ಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿದೆ. ಪೆಟ್ಟಿಗೆಯನ್ನು ಬೋಟಿನಲ್ಲಿ ಎಲ್ಲಿ ಕೂರಿಸಬೇಕು ಎಂಬ ನಿರ್ಧಾರವನ್ನು ಊಹೆಗೆ ಬಿಡದೆ ಅಳೆದು ಮಾಡಲು ಒಂದು ಲ್ಯಾಪ್‌ಟಾಪ್ ಸಾಕು.

ಎರಡನೆಯ ಸಾಕ್ಷ್ಯ ಬರವಣಿಗೆಯದು. ‘ಸೆಟ್ಟಿಂಗ್ಸಿಗೆ ಹೋಗಿ, ಮೇಲಿನಿಂದ ಮೂರನೆಯದನ್ನು ಒತ್ತಿ’ ಎಂದು ಕಲಿಸಿದ ಪಾಠ ಮುಂದಿನ ಅಪ್‌ಡೇಟ್ ಬಂದಾಗ ಹಳಸುತ್ತದೆ. ಫೋನಿನ ಕಂಪನಿ ಬದಲಾದರೂ ಹಳಸುತ್ತದೆ. ಆಜ್ಞೆಗಳ ಆರು ಸಾಲನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಅದೇ ಕಡತ ಒಂದು ಕಂಪ್ಯೂಟರಿಗೂ ನಲವತ್ತಕ್ಕೂ ನಡೆಯುತ್ತದೆ, ಇವತ್ತೂ ನಾಳೆಯೂ ಒಂದೇ ಕ್ರಮದಲ್ಲಿ ನಡೆಯುತ್ತದೆ. ಎಡವಿದರೆ ಎಷ್ಟನೆಯ ಸಾಲಿನಲ್ಲಿ ಎಂದು ಫೋನಿನಲ್ಲೇ ಇನ್ನೊಬ್ಬರಿಗೆ ಓದಿ ಹೇಳಬಹುದು. ಇದಕ್ಕೆ ಎದುರಾಗಿ, ಆಜ್ಞೆಗಳೂ ಬದಲಾಗುತ್ತವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ‘ಎಚ್‌ಸಿಐಟೂಲ್’, ‘ಎಚ್‌ಸಿಐಕಾನ್ಫಿಗ್’, ‘ಗ್ಯಾಟ್‌ಟೂಲ್’ ಎಂಬ ಹಳೆಯ ಉಪಕರಣಗಳನ್ನು 2017ರಲ್ಲಿ ಬ್ಲೂಝೆಡ್ ಬದಿಗೆ ಸರಿಸಿತು, ಅವನ್ನು ನೆಚ್ಚಿ ಬರೆದ ಪಾಠಗಳೆಲ್ಲ ಹಳೆಯವಾದವು. ಆದರೆ ಬದಲಾವಣೆ ಎಲ್ಲರಿಗೂ ಕಾಣುವಂತೆ ಆಯಿತು, ಮೂಲ ಬರಹ ಇಂದಿಗೂ ಓದಲು ಸಿಗುತ್ತದೆ, ಬದಲಿ ಯಾವುದು ಎಂದು ಹೇಳಲಾಗಿದೆ. ಫೋನಿನ ಮೆನು ಬದಲಾದಾಗ ಇಷ್ಟೂ ಸಿಗುವುದಿಲ್ಲ.

ಇನ್ನು ಕಮಾಂಡ್ ಲೈನ್ ಏನನ್ನು ಮಾಡಲಾರದು ಎಂಬುದನ್ನೂ ಒಪ್ಪಬೇಕು. ಇದಕ್ಕೆ ಕೋಟದ ಸೀಮೆಯಲ್ಲಿ ಯಕ್ಷಗಾನಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅಮೃತೇಶ್ವರಿ, ಸಾಲಿಗ್ರಾಮ, ಮಂದಾರ್ತಿ ಮೇಳಗಳ ಈ ನೆಲದಲ್ಲಿ ಅಭ್ಯಾಸಕ್ಕೆ ಫೋನಿನ ಶ್ರುತಿಯನ್ನು ಬ್ಲೂಟೂತ್ ಸ್ಪೀಕರಿಗೆ ಹಾಕುವುದು ಸುಲಭದ ಕೆಲಸ. ಶ್ರುತಿಗೆ ಇದರಿಂದ ಏನೂ ಆಗುವುದಿಲ್ಲ, ಏಕೆಂದರೆ ಅದು ಬದಲಾಗದೆ ಹರಿಯುವ ಒಂದೇ ನಾದ. ತಡವಾಗಿ ಬಂದರೂ ತಡ ಎಂದು ಗೊತ್ತಾಗದು. ಚೆಂಡೆಯ ಪೆಟ್ಟನ್ನು ಮೈಕಿನಲ್ಲಿ ಹಿಡಿದು ಅದೇ ಸ್ಪೀಕರಿಗೆ ಕಳಿಸಿದರೆ ಕಥೆ ಬೇರೆ. ಸಾಮಾನ್ಯ ಬ್ಲೂಟೂತ್ ಧ್ವನಿಗೆ ಸೆಕೆಂಡಿನ ಹತ್ತನೇ ಒಂದರಿಂದ ಐದನೇ ಒಂದು ಭಾಗದಷ್ಟು ತಡವಾಗುತ್ತದೆ. 150 ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 50 ಮೀಟರ್ ಸಾಗುತ್ತದೆ. ಪಕ್ಕದಲ್ಲಿರುವ ಸ್ಪೀಕರ್ ಗದ್ದೆಯ ಆಚೆ ಬದಿಯಿಂದ ನುಡಿದಂತೆ ತಾಳ ತಪ್ಪಿಸುತ್ತದೆ. ಯಾವ ಆಜ್ಞೆಯೂ ಈ ತಡವನ್ನು ಪೂರ್ತಿ ಅಳಿಸಲಾರದು. ಆದರೆ ಧ್ವನಿಯ ಯಾವ ಬಗೆ ಆಯ್ಕೆಯಾಗಿದೆ ಎಂದು ಅದು ತೋರಿಸಬಲ್ಲದು. ಹೆಡ್‌ಸೆಟ್‌ನ ಮೈಕ್ ಚಾಲೂ ಆದೊಡನೆ ಹಾಡಿನ ಗುಣ ಕುಸಿಯುವುದು, ಸಂಗೀತದ ಪ್ರೊಫೈಲ್‌ನಿಂದ ಮಾತಿನ ಪ್ರೊಫೈಲ್‌ಗೆ ಸಾಧನ ಜಾರಿರುವುದರಿಂದ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದೋಷ ಎಲ್ಲಿದೆ ಎಂಬುದಲ್ಲದೆ, ಯಾವುದು ದೋಷವೇ ಅಲ್ಲ, ತಂತ್ರಜ್ಞಾನದ ಮಿತಿ ಎಂದು ತಿಳಿಯುವುದೂ ಅಷ್ಟೇ ಮುಖ್ಯ. ಅದು ತಿಳಿದರೆ ಎಲ್ಲಿ ತಂತಿಯೇ ಮೇಲು ಎಂದು ನಿರ್ಧರಿಸಬಹುದು.

ಕನ್ನಡದ ಪ್ರಶ್ನೆ ಇಲ್ಲಿ ನಿಜವಾದ ತೊಡಕು, ಅದನ್ನು ಭಾವುಕವಾಗಿ ನೋಡದೆ ಲೆಕ್ಕ ಹಾಕಿ ನೋಡಬೇಕು. ಬ್ಲೂಟೂತ್ ಸಾಧನದ ಹೆಸರು ಯೂನಿಕೋಡ್‌ನಲ್ಲಿ ಇರಬಹುದು, ಪೂರ್ಣ ಹೆಸರಿಗೆ 248 ಬೈಟ್ ಜಾಗವಿದೆ. ಆದರೆ ಕಡಿಮೆ ಶಕ್ತಿಯ ಬಗೆಯಲ್ಲಿ ಸಾಧನ ತನ್ನ ಇರವನ್ನು ಸಾರುವ ಮೂಲ ಪ್ಯಾಕೆಟ್ಟಿನಲ್ಲಿರುವುದು 31 ಬೈಟ್ ಮಾತ್ರ. ಅಗತ್ಯದ ಗುರುತುಗಳು ಹೋಗಿ ಹೆಸರಿಗೆ ಉಳಿಯುವುದು ಸಾಮಾನ್ಯವಾಗಿ 26. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ವ್ಯಂಜನ, ಪ್ರತಿ ಸ್ವರಚಿಹ್ನೆ, ಪ್ರತಿ ಹಲಂತಕ್ಕೂ ಮೂರು ಬೇಕು. ‘ಕೋಟ’ಕ್ಕೆ 9 ಬೈಟ್, ‘ಮರವಂತೆ’ಗೆ 18, ‘ಗಂಗೊಳ್ಳಿ’ಗೆ 24, ಇವು ಹಿಡಿಸುತ್ತವೆ. ‘ಹಂಗಾರಕಟ್ಟೆ’ಗೆ 30 ಬೇಕು, ಹಿಡಿಸುವುದಿಲ್ಲ. ಕೇಳಿದವರಿಗೆ ಕೊಡುವ ಎರಡನೆಯ ಪ್ಯಾಕೆಟ್ಟಿನಲ್ಲೂ ಹೆಸರಿಗೆ ಸಿಗುವುದು 29, ಒಂದು ಬೈಟ್ ಕಡಿಮೆ. ಹಾಗಾಗಿ ಹೆಸರು ತುಂಡಾಗುತ್ತದೆ, ತುಂಡಾದ ಜಾಗ ಅಕ್ಷರದ ನಡುವೆ ಬಿದ್ದರೆ ಚೌಕಗಳು ಕಾಣಿಸುತ್ತವೆ. ಇದಕ್ಕಿಂತ ದೊಡ್ಡ ತೊಂದರೆ ಟರ್ಮಿನಲ್ ಪರದೆಯದು. ಸಮಾನ ಅಗಲದ ಮನೆಗಳಲ್ಲಿ ಒಂದೊಂದೇ ಅಕ್ಷರ ಕೂರಿಸುವ ಪದ್ಧತಿ ಅದರದು. ಕೆಳಗೆ ಒತ್ತು, ಮೇಲೆ ಗುಣಿತ ತೊಡುವ ಕನ್ನಡ ಅದರೊಳಗೆ ಅನೇಕ ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತದೆ. ಎಂದರೆ ಆಜ್ಞೆಗಳು ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಹಾಗಿದ್ದರೆ ಇಂಗ್ಲಿಷ್ ಬಾರದವರಿಗೆ ಈ ವಿದ್ಯೆ ಮುಚ್ಚಿದ ಬಾಗಿಲೇ? ಹಾಗೆನ್ನಲು ಆಧಾರವಿಲ್ಲ. ಬೇಕಾದ ಇಂಗ್ಲಿಷ್ ಪದಗಳು ಹತ್ತು ಹನ್ನೆರಡು. ‘ಪೇರ್’, ‘ಕನೆಕ್ಟ್’, ‘ಸ್ಕ್ಯಾನ್’ ಆಗಲೇ ಆಡುಮಾತಿನಲ್ಲಿವೆ. ಬೇಕಿರುವುದು ಅವುಗಳ ವಿವರಣೆ ಕನ್ನಡದಲ್ಲಿ ಸಿಗುವುದು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳ ಸರಕಾರದ ಯೋಜನೆಯಡಿ ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ. ಅವರ ಪಠ್ಯಪುಸ್ತಕ ಕನ್ನಡದಲ್ಲಿದೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆನ್ನಲು ಕಾರಣ ಕಾಣದು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒದಗಿಸಿದ ಕಾಲದಲ್ಲಿ ವಿಜ್ಞಾನದ ಪರಿಭಾಷೆ ಈಗಿನಷ್ಟೂ ಸಿದ್ಧವಿರಲಿಲ್ಲ. ಪರಿಭಾಷೆ ಮೊದಲು ಆಗಲಿ, ಬರವಣಿಗೆ ಆಮೇಲೆ ಎಂದು ಕುಳಿತಿದ್ದರೆ ಆ ಪುಸ್ತಕಗಳು ಬರುತ್ತಿರಲಿಲ್ಲ.

ಮುಖ್ಯ ಆಕ್ಷೇಪ ಇನ್ನೊಂದಿದೆ: ಬೋಟಿನಲ್ಲಿರುವುದು ಫೋನ್, ಲಿನಕ್ಸ್ ಕಂಪ್ಯೂಟರ್ ಅಲ್ಲ, ಬಲೆ ಎಳೆಯುವವರಿಗೆ ಟರ್ಮಿನಲ್ ಏಕೆ? ಆಂಡ್ರಾಯ್ಡ್‌ನ ತಿರುಳು ಲಿನಕ್ಸ್ ಆದರೂ 2012ರ 4.2 ಆವೃತ್ತಿಯಿಂದ ಅದು ಬ್ಲೂಝೆಡ್ ಬಿಟ್ಟು ಬೇರೆ ತಂತ್ರಾಂಶ ಹಿಡಿಯಿತು ಎಂಬುದೂ ನಿಜ. ಆದರೆ ಈ ಆಕ್ಷೇಪ ಬಳಸುವವರನ್ನೂ ರಿಪೇರಿ ಮಾಡುವವರನ್ನೂ ಒಂದಾಗಿ ಕಾಣುತ್ತದೆ. ಇಂಜಿನ್ ಬಿಚ್ಚಲು ತಾಂಡೇಲನಿಗೆ ಬರಬೇಕಿಲ್ಲ, ಬಂದರಿನಲ್ಲಿ ಮೆಕ್ಯಾನಿಕ್ ಇದ್ದರೆ ಸಾಕು. ಪೆಟ್ಟಿಗೆ ಕೆಟ್ಟಿದೆಯೋ ಫೋನ್ ಕೆಟ್ಟಿದೆಯೋ ಎಂದು ತೀರ್ಮಾನಿಸಲು ಮೂರನೆಯ ಸಾಕ್ಷಿ ಬೇಕು, ಆ ಸಾಕ್ಷಿ ಲ್ಯಾಪ್‌ಟಾಪ್. ಪೆಟ್ಟಿಗೆ ಅದಕ್ಕೆ ಕಾಣಿಸಿ ಜೋಡಣೆಯಾದರೆ ಅನುಮಾನ ಫೋನಿನತ್ತ ತಿರುಗುತ್ತದೆ. ಅದಕ್ಕೂ ಕಾಣಿಸದಿದ್ದರೆ ಪೆಟ್ಟಿಗೆಯತ್ತ. ಫೋನಿನ ಕಡೆಯನ್ನು ಇನ್ನೂ ಶೋಧಿಸಬೇಕಿದ್ದರೆ ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಬ್ಲೂಟೂತ್ ಮಾತುಕತೆಯನ್ನು ದಾಖಲಿಸುವ ಸೌಲಭ್ಯವಿದೆ. ಇಷ್ಟಕ್ಕೆ ಬಿಡುವೂ ಇದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ದಡದಲ್ಲೇ ಇರುತ್ತವೆ. ಬಲೆ ಹೊಲಿಯುವ, ಬಣ್ಣ ಬಳಿಯುವ ಆ 61 ದಿನಗಳಲ್ಲಿ ಪೆಟ್ಟಿಗೆಯ ಪರೀಕ್ಷೆಗೆ ಒಂದು ಗಳಿಗೆ ಸಿಗದೆ ಇರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಾಧನಗಳ ಮುಚ್ಚುಮರೆಯದು. ಜೋಡಣೆಯಾಗಿದೆ ಎಂದು ಕಮಾಂಡ್ ಲೈನ್ ಹೇಳಬಹುದು. ಒಳಗೆ ಹರಿಯುವ ಸಂದೇಶವನ್ನು ಬಿಡಿಸುವುದು ಸಾಧನ ಮಾಡಿದವರ ಆ್ಯಪ್‌ಗೆ ಸೇರಿದ ಕೆಲಸ. ಆ್ಯಪ್ ನಿಂತರೆ ಪೆಟ್ಟಿಗೆ ನಿರುಪಯುಕ್ತ. ಇದನ್ನು ಒಪ್ಪಬೇಕು, ಆದರೆ ಇದರಿಂದ ಹೊರಡುವ ತೀರ್ಮಾನ ಕಮಾಂಡ್ ಲೈನ್ ಬೇಡ ಎಂಬುದಲ್ಲ. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಜೀವರಕ್ಷಕ ಸಾಧನಕ್ಕೆ ಸಂದೇಶದ ರಚನೆಯನ್ನು ಪ್ರಕಟಿಸುವ, ಪರೀಕ್ಷೆಗೆ ಒಂದು ಅಕ್ಷರರೂಪದ ದಾರಿ ಇಡುವ ಷರತ್ತನ್ನು ಟೆಂಡರಿನಲ್ಲೇ ಹಾಕಬೇಕು ಎಂಬುದು. ಅಪಾಯದ ಕೂಗಿಗೆ ಗುಪ್ತಲಿಪಿಯ ರಕ್ಷಣೆ ಬೇಕಾದರೆ ಕೀಲಿಯನ್ನು ಗುಟ್ಟಾಗಿಟ್ಟರೆ ಸಾಕು. ರಚನೆಯನ್ನು ಮುಚ್ಚಿಡುವುದರಿಂದ ಭದ್ರತೆ ಹೆಚ್ಚುವುದಿಲ್ಲ, ರಿಪೇರಿ ಮಾತ್ರ ಕಷ್ಟವಾಗುತ್ತದೆ.

ಭದ್ರತೆಯ ಹೆಸರಿನಲ್ಲಿ ಬರುವ ಭಯಕ್ಕೂ ಇದೇ ಉತ್ತರ. ಆಜ್ಞೆಗಳನ್ನು ಕಲಿಸಿದರೆ ಕಳ್ಳರಿಗೂ ಕಲಿಸಿದಂತೆ ಎನ್ನುವವರಿದ್ದಾರೆ. ಬ್ಲೂಟೂತ್‌ನಲ್ಲಿ ಬಿರುಕುಗಳಿವೆ: 2017ರ ‘ಬ್ಲೂಬೋರ್ನ್’ ಕೋಟ್ಯಂತರ ಸಾಧನಗಳನ್ನು ತಟ್ಟಿತು, 2023ರ ಡಿಸೆಂಬರ್‌ನಲ್ಲಿ, ಕೀಬೋರ್ಡ್ ವೇಷದಲ್ಲಿ ಒಪ್ಪಿಗೆಯಿಲ್ಲದೆ ಒಳನುಗ್ಗುವ ದಾರಿಯೊಂದು ಆಂಡ್ರಾಯ್ಡ್, ಲಿನಕ್ಸ್, ಆಪಲ್ ಸಾಧನಗಳಲ್ಲೆಲ್ಲ ಇದೆ ಎಂದು ಬಯಲಾಯಿತು. ಆದರೆ ಲಿನಕ್ಸ್‌ನಲ್ಲಿ ಆ ದಾರಿಯನ್ನು ಮುಚ್ಚಲು ಸಂರಚನಾ ಕಡತದ ಒಂದು ಸಾಲು ಸಾಕಿತ್ತು, ಆ ಸಾಲನ್ನು ಬರೆಯಬಲ್ಲವರು ಅಪ್‌ಡೇಟಿಗೆ ಕಾಯಬೇಕಾಗಲಿಲ್ಲ. ಸಾಧನ ಎಲ್ಲರಿಗೂ ಕಾಣುವಂತೆ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನೂ ಅಲ್ಲೇ ನಿಗದಿ ಮಾಡಬಹುದು. ಸಾಮಾನ್ಯವಾಗಿ ಅದು 180 ಸೆಕೆಂಡು. ದಾಳಿ ಮಾಡುವವನಿಗೆ ಈ ಜ್ಞಾನ ಹೇಗೂ ಇರುತ್ತದೆ, ಇಲ್ಲದಿರುವುದು ಕಾಯುವವನಲ್ಲಿ.

ಹೀಗೆ ಎಲ್ಲ ಬದಿಯಿಂದ ನೋಡಿದಾಗ ಉಳಿಯುವ ತೀರ್ಮಾನ ದೊಡ್ಡದೇನಲ್ಲ, ಮಾಡಬಹುದಾದದ್ದು. ಕಮಾಂಡ್ ಲೈನ್ ಬಂದರೆ ಎಲ್ಲ ಸರಿಹೋಗದು: ಉಕ್ಕಿನ ಗೋಡೆ ಹಾಗೇ ಇರುತ್ತದೆ, ಧ್ವನಿಯ ತಡ ಉಳಿಯುತ್ತದೆ, ಹಂಗಾರಕಟ್ಟೆಗೆ ಜಾಗ ಸಾಲದು. ಅದು ಮಾಡುವುದು ಒಂದೇ ಕೆಲಸ, ‘ಆಗಲಿಲ್ಲ’ ಎಂಬುದನ್ನು ‘ಇಂಥಲ್ಲಿ, ಇಂಥ ಕಾರಣಕ್ಕೆ ಆಗಲಿಲ್ಲ’ ಎಂದು ಬದಲಿಸುವುದು. ರಿಪೇರಿಯೆಂಬುದು ಶುರುವಾಗುವುದೇ ಅಲ್ಲಿ. ಉಡುಪಿ ಜಿಲ್ಲೆಯ ಮೀನುಗಾರಿಕೆ ಇಲಾಖೆ ಪೆಟ್ಟಿಗೆಗಳನ್ನು ಹಂಚುವ ಜೊತೆಗೆ ಕನ್ನಡದಲ್ಲಿ ಎರಡು ಪುಟದ ಪರೀಕ್ಷಾ ಕ್ರಮವನ್ನು ಕೊಡಲಿ. ಕುಂದಾಪುರ, ಮೂಡ್ಲಕಟ್ಟೆಯ ಕಾಲೇಜುಗಳು ಮಳೆಗಾಲದ ಎರಡು ತಿಂಗಳಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಗಂಗೊಳ್ಳಿ, ಕೋಡಿ ಕನ್ಯಾನ, ಹಂಗಾರಕಟ್ಟೆಗೆ ಲ್ಯಾಪ್‌ಟಾಪ್‌ನೊಂದಿಗೆ ಕಳಿಸಲಿ. ಅವರು ಕಂಡ ದೋಷಗಳನ್ನು ಬೋಟಿನ ಬಗೆ, ಪೆಟ್ಟಿಗೆ ಇಟ್ಟ ಜಾಗ, ಸಿಗ್ನಲ್‌ನ ಅಂಕಿ ಸಹಿತ ಬರೆದಿಡಲಿ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುವ ಹೊತ್ತಿಗೆ ಯಾವ ಪೆಟ್ಟಿಗೆ ಮಾತಾಡುತ್ತದೆ, ಯಾವುದು ಆಡುವುದಿಲ್ಲ ಎಂಬ ಪಟ್ಟಿ ಸಿದ್ಧವಿರುತ್ತದೆ. ಸಾಧನ ಕೊಟ್ಟ ಸರಕಾರವನ್ನೂ ಮಾಡಿದ ಕಂಪನಿಯನ್ನೂ ಉತ್ತರ ಕೇಳಬೇಕಾದರೆ ಮೀನುಗಾರರ ಕೈಯಲ್ಲಿ ಇರಬೇಕಾದದ್ದು ಅಂಥ ಪಟ್ಟಿ.